ಹಿರೇಬೇನೆ: ಡೋಸ್‌ಗಳ ಲೆಕ್ಕ ಸಾಲದು, ಮರಿಗಳ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಕುರಿ-ಮೇಕೆಗಳಿಗೆ ಹಿರೇಬೇನೆಯ (ಪಿಪಿಆರ್) ಲಸಿಕೆ ಹಾಕುವ ಅಭಿಯಾನ ನಡೆದಾಗಲೆಲ್ಲ ಬರುವ ಸುದ್ದಿ ಒಂದೇ ಬಗೆಯದು: ತಾಲ್ಲೂಕಿಗೆ ಇಷ್ಟು ಸಾವಿರ ಡೋಸ್ ಬಂತು, ಇಷ್ಟು ಸಾವಿರ ಖರ್ಚಾಯಿತು, ಗುರಿಯಲ್ಲಿ ಶೇಕಡ ಇಷ್ಟು ಸಾಧನೆ. ಓದಿದವರಿಗೆ ರೋಗ ಹತೋಟಿಗೆ ಬಂತು ಎನಿಸುವುದು ಸಹಜ. ಬಾಟಲಿಯಿಂದ ಹೊರಬಂದ ಡೋಸ್ ಬೇರೆ, ಕುರಿಯ ಮೈಯಲ್ಲಿ ಹುಟ್ಟಿದ ರೋಗನಿರೋಧಕ ಶಕ್ತಿ ಬೇರೆ. ಇವೆರಡರ ನಡುವೆ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದು ಕುರಿಗಾಹಿಗಳಿಗೂ, ಸೂಜಿ ಹಿಡಿಯುವವರಿಗೂ, ಯೋಜನೆ ಮಾಡುವವರಿಗೂ ತಿಳಿದಿರಲಿ ಎಂದು ಈ ಪತ್ರ.

ಪಿಪಿಆರ್ ಎಂದರೆ ನಮ್ಮ ಹಟ್ಟಿಗಳಲ್ಲಿ ಹಿರೇಬೇನೆ ಎಂದು ಕರೆಯುವ, ಜ್ವರ, ಭೇದಿ, ನ್ಯುಮೋನಿಯಾ ತಂದು ಕುರಿ-ಮೇಕೆಗಳನ್ನು ಕೊಲ್ಲುವ ರೋಗ. ಮಕ್ಕಳಿಗೆ ದಡಾರ, ನಾಯಿಗಳಿಗೆ ಡಿಸ್ಟೆಂಪರ್, ದನಗಳಿಗೆ ದೊಡ್ಡರೋಗ (ರಿಂಡರ್‌ಪೆಸ್ಟ್) ತರುವ ವೈರಾಣುಗಳು ಇದರ ಹತ್ತಿರದ ದಾಯಾದಿಗಳು. ಎಲ್ಲವೂ ಪ್ಯಾರಾಮಿಕ್ಸೊ ಕುಟುಂಬದ ಮಾರ್ಬಿಲಿ ಕವಲಿಗೆ ಸೇರಿದವು. ಕೋಳಿಗಳ ಕೊಕ್ಕರೆ ರೋಗ, ಮಂಗನಬಾವು, ನಿಫಾ ಕೂಡ ಇದೇ ದೊಡ್ಡ ಕುಟುಂಬದವು. ಹಿರೇಬೇನೆಯನ್ನು ಮೊದಲು ಗುರುತಿಸಿದ್ದು 1942ರಲ್ಲಿ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ಭಾರತದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ. ಅದು ಪಿಪಿಆರ್ ಎಂದು ಸಾಬೀತು ಮಾಡಿದ 1989ರ ಸಂಶೋಧನಾ ಪ್ರಬಂಧದ ಮೊದಲ ಲೇಖಕಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ. ಕನ್ನಡನಾಡಿನ ಶಾಲಾ ಮಕ್ಕಳಿಗೂ ಪರಿಚಯವಿರಬೇಕಾದ ಹೆಸರಿದು. ಅಲ್ಲಿಯವರೆಗೆ ಕುರಿಗಳು ಹೀಗೆ ಸತ್ತರೆ ದೊಡ್ಡರೋಗವೆಂದೇ ಭಾವಿಸಲಾಗುತ್ತಿತ್ತು.

ಆ ದೊಡ್ಡರೋಗ ಭಾರತದಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಭೂಮಿಯಿಂದ ಅಳಿಸಿಹಾಕಿದ ರೋಗ ಅದೊಂದೇ. 2015ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹಾಗೂ ವಿಶ್ವ ಪಶು ಆರೋಗ್ಯ ಸಂಸ್ಥೆ ಸೇರಿ, 2030ರೊಳಗೆ ಹಿರೇಬೇನೆಯನ್ನೂ ಹಾಗೆಯೇ ಅಳಿಸಬೇಕೆಂದು ಗುರಿ ಇಟ್ಟವು. ಭಾರತವೂ ಅದನ್ನು ಒಪ್ಪಿ ಕೆಲಸಕ್ಕೆ ಇಳಿದಿದೆ.

ಇದು ಆಗುವ ಮಾತೇ. ವೈರಾಣುವಿನಲ್ಲಿ ನಾಲ್ಕು ವಂಶಗಳಿವೆ, ನಮ್ಮಲ್ಲಿ ಸುತ್ತುತ್ತಿರುವುದು ನಾಲ್ಕನೆಯದು. ಆದರೂ ಒಂದೇ ಲಸಿಕೆ ಎಲ್ಲಕ್ಕೂ ಸಾಕು. ಬದುಕುಳಿದ ಕುರಿಗೆ ಈ ರೋಗ ಮತ್ತೆ ಬರುವುದಿಲ್ಲ, ಅದು ವೈರಾಣುವನ್ನು ವರ್ಷಗಟ್ಟಲೆ ಹೊತ್ತು ತಿರುಗುವುದೂ ಇಲ್ಲ. ಬಿಸಿಲಿನಲ್ಲಿ, ಒಣಗಾಳಿಯಲ್ಲಿ ವೈರಾಣು ಬೇಗ ಸಾಯುತ್ತದೆ. ರೋಗ ಹರಡಬೇಕಾದರೆ ಕುರಿಗೆ ಕುರಿ ತಾಗಿ ನಿಲ್ಲಬೇಕು. ಒಂದೇ ರೊಪ್ಪ, ಒಂದೇ ನೀರಿನ ತೊಟ್ಟಿ, ಒಂದೇ ಸಂತೆ. ಹಾಗಿದ್ದೂ ರೋಗ ಹೊಸ ಹೊಸ ಕಡೆ ತಲೆ ಎತ್ತುತ್ತಲೇ ಇದೆ. 2024ರಲ್ಲಿ ಗ್ರೀಸ್, ರೊಮೇನಿಯಾಗಳಿಗೂ ಹೊಕ್ಕಿತು. ನಮ್ಮ ರಾಜ್ಯದಲ್ಲಿ 2019ರ ಗಣತಿಯ ಪ್ರಕಾರ 1.11 ಕೋಟಿ ಕುರಿಗಳೂ 61 ಲಕ್ಷಕ್ಕೂ ಹೆಚ್ಚು ಮೇಕೆಗಳೂ ಇವೆ. ಇಲ್ಲಿ ಹಿಡಿತ ಸಡಿಲವಾದರೆ ದಕ್ಷಿಣ ಭಾರತದ ಯಾವ ರಾಜ್ಯವೂ ರೋಗಮುಕ್ತವಾಗಲಾರದು.

ಲಸಿಕೆಯ ವಿಷಯದಲ್ಲಿ ನಾವು ಯಾರ ಮುಂದೆಯೂ ಕೈಚಾಚಬೇಕಿಲ್ಲ. ಹಿಮಾಚಲ ಪ್ರದೇಶದ ಸುಂಗ್ರಿಯಲ್ಲಿ ಮೇಕೆಯಿಂದ ಪಡೆದ ವೈರಾಣುವನ್ನು ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮುಕ್ತೇಶ್ವರ ಕೇಂದ್ರದ ವಿಜ್ಞಾನಿಗಳು ಪ್ರಯೋಗಾಲಯದ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ರೋಗ ತರುವ ಶಕ್ತಿಯನ್ನು ಕುಂದಿಸಿ ಈ ಲಸಿಕೆ ಮಾಡಿದರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಜ್ಯದ್ದೇ ಆದ ಸಂಸ್ಥೆಯಲ್ಲಿ ಪಿಪಿಆರ್ ಲಸಿಕೆ ತಯಾರಾಗುತ್ತದೆ. ಸರಿಯಾಗಿ ಒಮ್ಮೆ ಹಾಕಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಕಾಪಾಡುತ್ತದೆ. ಕುರಿಯ ಸಾಕಣೆಯ ಆಯುಸ್ಸಿಗೆ ಇದು ಬಹುಪಾಲು ಸಾಕು.

ತೊಡಕು ಬರುವುದು ಮರಿಗಳಲ್ಲಿ. ನೂರು ಕುರಿಗಳ ಒಂದು ಮಂದೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಭಿಯಾನ ಚೆನ್ನಾಗಿ ನಡೆದು 80 ಕುರಿಗಳಿಗೆ ರಕ್ಷಣೆ ಸಿಕ್ಕಿತು ಎನ್ನಿ. ಒಂದು ವರ್ಷದಲ್ಲಿ ಟಗರು ಮಾರಾಟ, ಮುದಿ ಕುರಿಗಳ ವಿಲೇವಾರಿ, ಸಾವು ಎಲ್ಲ ಸೇರಿ 30 ಕುರಿಗಳು ಹೋಗಿ, ಅವುಗಳ ಜಾಗಕ್ಕೆ 30 ಮರಿಗಳು ಬೆಳೆದು ನಿಲ್ಲುತ್ತವೆ. ಹೋದ 30ರಲ್ಲಿ 24 ರಕ್ಷಣೆ ಪಡೆದವು. ಬಂದ 30ರಲ್ಲಿ ಒಂದಕ್ಕೂ ಇಲ್ಲ. ಉಳಿದದ್ದು 56. ರೋಗ ಹರಡುವ ಸರಪಳಿ ತುಂಡಾಗಬೇಕಾದರೆ ಮಂದೆಯಲ್ಲಿ ಶೇಕಡ 70ರಿಂದ 80ರಷ್ಟಕ್ಕೆ ರಕ್ಷಣೆ ಇರಬೇಕು. ಅಂದರೆ ಯಾರೂ ಯಾವ ತಪ್ಪನ್ನೂ ಮಾಡದೆ, ಬರೀ ಒಂದು ವರ್ಷ ಕಳೆದದ್ದಕ್ಕೇ ಆ ಮಂದೆ ಮತ್ತೆ ರೋಗಕ್ಕೆ ಬಾಗಿಲು ತೆರೆದು ಕುಳಿತಿರುತ್ತದೆ. ಕಾಗದದಲ್ಲಿ ಮಾತ್ರ ಅದು ಲಸಿಕೆ ಹಾಕಿದ ಮಂದೆ.

ಹುಟ್ಟಿದ ಕೂಡಲೇ ಮರಿಗೆ ಹಾಕಿಬಿಡೋಣ ಎಂದರೆ ಅದೂ ಆಗದು. ಲಸಿಕೆ ಪಡೆದ ತಾಯಿಯ ಗಿಣ್ಣು ಹಾಲಿನಿಂದ ಮರಿಗೆ ಪ್ರತಿಕಾಯಗಳು ಬಂದಿರುತ್ತವೆ. ಮೂರ್ನಾಲ್ಕು ತಿಂಗಳು ಅವು ಮರಿಯನ್ನು ಕಾಯುತ್ತವೆ, ಜೊತೆಗೆ ಲಸಿಕೆಯ ಸಜೀವ ವೈರಾಣುವನ್ನೂ ಕೊಂದುಹಾಕುತ್ತವೆ. ಎರಡು ತಿಂಗಳ ಮರಿಗೆ ಹಾಕಿದ ಡೋಸ್ ರಿಜಿಸ್ಟರಿನಲ್ಲಿ ಸೇರುತ್ತದೆ, ಮರಿಯ ಮೈಗೆ ಸೇರುವುದಿಲ್ಲ. ನಾಲ್ಕು ತಿಂಗಳು ದಾಟಿದ ಮೇಲೆ ತಾಯಿಯ ರಕ್ಷಣೆ ಬತ್ತಿರುತ್ತದೆ, ಸ್ವಂತದ್ದು ಇನ್ನೂ ಹುಟ್ಟಿರುವುದಿಲ್ಲ. ಹಿರೇಬೇನೆಯಲ್ಲಿ ನಾಲ್ಕರಿಂದ ಹನ್ನೆರಡು ತಿಂಗಳ ಪ್ರಾಯದವೇ ಹೆಚ್ಚಾಗಿ ಸಾಯುವುದು ಇದರಿಂದ. ಆದ್ದರಿಂದ ವರ್ಷಕ್ಕೊಮ್ಮೆ ಬಂದು ಎಲ್ಲಕ್ಕೂ ಚುಚ್ಚಿ ಹೋಗುವ ಅಭಿಯಾನದ ಬದಲು, ಮೊದಲ ಸುತ್ತಿನಲ್ಲಿ ಇಡೀ ಮಂದೆಗೆ, ಆಮೇಲೆ ಪ್ರತಿ ನಾಲ್ಕು ತಿಂಗಳಿಗೊಮ್ಮೆ ಪ್ರಾಯಕ್ಕೆ ಬಂದ ಮರಿಗಳಿಗಷ್ಟೇ ಹಾಕುವ ಪದ್ಧತಿ ಬರಬೇಕು. ಇದಕ್ಕೆ ಡೋಸ್ ಕಡಿಮೆ ಸಾಕು, ಓಡಾಟ ಹೆಚ್ಚು ಬೇಕು. ಓಡಾಟಕ್ಕೆ ಹಣವಿಲ್ಲದೆ ಡೋಸ್‌ಗೆ ಮಾತ್ರ ಹಣ ಕೊಡುವ ಬಜೆಟ್ಟಿನಲ್ಲಿ ಈ ಕೆಲಸ ನಡೆಯದು.

ಇನ್ನು ಸೂಜಿಯ ತುದಿಯವರೆಗಿನ ದಾರಿ. ಕಾಲುಬಾಯಿ ಜ್ವರದ ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ. ಹಿರೇಬೇನೆಯ ಲಸಿಕೆ ಬೆಚ್ಚಗಾದರೆ ಕೆಡುತ್ತದೆ. ಇವೆರಡೂ ಒಂದೇ ಫ್ರಿಜ್ಜಿನಲ್ಲಿ, ಒಂದೇ ಐಸ್ ಪೆಟ್ಟಿಗೆಯಲ್ಲಿ ಇರುವುದರಿಂದ ಇದು ಎಲ್ಲರ ನೆನಪಿನಲ್ಲಿರಬೇಕು. ಹಿರೇಬೇನೆಯ ಲಸಿಕೆ ಒಣಗಿಸಿದ ಬಿಲ್ಲೆಯ ರೂಪದಲ್ಲಿ ಸೀಸೆಯ ತಳದಲ್ಲಿ ಕೂತಿರುತ್ತದೆ. ಬಹುಕಾಲ ಇಡುವುದಾದರೆ ಮೈನಸ್ 20 ಡಿಗ್ರಿ, ಕೆಲವು ದಿನಕ್ಕಾದರೆ 2ರಿಂದ 8 ಡಿಗ್ರಿ. ಒಣಗಿದ ಸ್ಥಿತಿಯಲ್ಲಿ ತಂಪಾಗಿರುವಷ್ಟು ಹೊತ್ತು ಗಟ್ಟಿ. ದ್ರಾವಣದಲ್ಲಿ ಕರಗಿದ ಕ್ಷಣದಿಂದ ಅದರ ಆಯುಸ್ಸು ಗಂಟೆಗಳ ಲೆಕ್ಕ.

ಹೆಚ್ಚಿನವರು ಎಡವುವುದು ಸಲೈನ್ ಬಾಟಲಿಯಲ್ಲಿ. ಲಸಿಕೆಯ ಸೀಸೆಯನ್ನು ಐಸ್‌ನಲ್ಲಿ ಜೋಪಾನವಾಗಿ ತಂದು, ಜೀಪಿನಲ್ಲಿ ಬಿಸಿಲು ಕಾದಿದ್ದ ಸಲೈನ್‌ಗೆ ಕಲಸಿದರೆ ಅಷ್ಟು ದೂರದ ಜೋಪಾನ ಒಂದು ನಿಮಿಷದಲ್ಲಿ ಮಣ್ಣುಪಾಲು. ಸಲೈನ್ ಕೂಡ ಹಿಂದಿನ ರಾತ್ರಿಯಿಂದಲೇ ಫ್ರಿಜ್ಜಿನಲ್ಲಿ ತಣ್ಣಗಾಗಿ, ಅದೇ ಐಸ್ ಪೆಟ್ಟಿಗೆಯಲ್ಲಿ ಹಟ್ಟಿಗೆ ಬರಬೇಕು. ನೂರು ಡೋಸ್‌ನ ಸೀಸೆಗೆ 100 ಮಿ.ಲೀ. ಸಲೈನ್. ಮೊದಲು ಸಿರಿಂಜಿನಲ್ಲಿ 5 ಮಿ.ಲೀ. ತೆಗೆದು ಸೀಸೆಗೆ ಬಿಟ್ಟು, ನೊರೆ ಬಾರದಂತೆ ಅಂಗೈಯಲ್ಲಿ ಮೆಲ್ಲಗೆ ಆಡಿಸಿ, ಬಿಲ್ಲೆ ಪೂರ್ತಿ ಕರಗಿದ ಮೇಲೆ ದೊಡ್ಡ ಬಾಟಲಿಗೆ ಸೇರಿಸಬೇಕು. ಖಾಲಿ ಸೀಸೆಯನ್ನು ಮತ್ತೊಮ್ಮೆ ಅದೇ ಸಲೈನಿನಿಂದ ತೊಳೆದು ಹಾಕಬೇಕು. ಗೋಡೆಗೆ ಅಂಟಿ ಉಳಿದದ್ದೂ ಲಸಿಕೆಯೇ. ಸಿರಿಂಜು ತುಂಬಿದ ಕೂಡಲೇ ಬಾಟಲಿ ಐಸ್‌ಗೆ ವಾಪಸ್, ಬಿಸಿಲಿಗೆ ಒಡ್ಡಲೇಬಾರದು. ಕಲಸಿ ಎರಡು ಗಂಟೆಯಾದರೆ ಉಳಿದದ್ದನ್ನು ಚೆಲ್ಲಬೇಕು. ನಾಳೆಗೆ ಎಂದು ಫ್ರಿಜ್ಜಿನಲ್ಲಿಟ್ಟರೆ ನಾಳೆ ಕುರಿಗೆ ಹೋಗುವುದು ಬರೀ ಉಪ್ಪುನೀರು.

ಸಿರಿಂಜು, ಸೂಜಿಗಳನ್ನು ನೀರಿನಲ್ಲಿ ಕುದಿಸಿ ಆರಿಸಿ ಬಳಸಬೇಕು. ಸ್ಪಿರಿಟ್ ಅಥವಾ ಡೆಟಾಲ್‌ನಿಂದ ತೊಳೆದ ಸಿರಿಂಜಿನಲ್ಲಿ ಉಳಿದ ಒಂದೆರಡು ಹನಿ ಸಾಕು, ಒಳಗಿನ ಸಜೀವ ವೈರಾಣು ಸಾಯುತ್ತದೆ. ಶುಚಿಯಾಗಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಆಗುವ ತಪ್ಪಿದು. ಪ್ರಾಯ ಯಾವುದೇ ಇರಲಿ, ಡೋಸ್ 1 ಮಿ.ಲೀ., ಕತ್ತಿನ ಪಕ್ಕದ ಸಡಿಲ ಚರ್ಮವನ್ನು ಎತ್ತಿ ಹಿಡಿದು ಅದರಡಿಗೆ. ಒಂದು ಮಂದೆಯ ಸೂಜಿ ಇನ್ನೊಂದು ಮಂದೆಗೆ ಹೋಗಬಾರದು. ಮುಗಿದ ಕುರಿಯ ಬೆನ್ನಿಗೆ ಬಣ್ಣದ ಗುರುತು ಹಾಕಿದರೆ ಎರಡು ಸಲ ಚುಚ್ಚುವುದೂ, ಬಿಟ್ಟುಹೋಗುವುದೂ ತಪ್ಪುತ್ತದೆ.

ಕುರಿ ಮಂದೆಗೆ ಈ ಎರಡು ಗಂಟೆ ಧಾರಾಳ. ಇಬ್ಬರು ಹಿಡಿದುಕೊಟ್ಟರೆ ಒಬ್ಬರು ಒಂದು ಗಂಟೆಯೊಳಗೆ ನೂರು ಕುರಿ ಮುಗಿಸಬಹುದು. ಮೇಕೆಗಳ ಕಥೆ ಬೇರೆ. ಮನೆಗೆ ಐದಾರು ಮೇಕೆಗಳಿರುವ ಊರಿನಲ್ಲಿ ನೂರು ಡೋಸ್ ಮುಗಿಸಲು ಹದಿನೇಳು ಮನೆ ಸುತ್ತಬೇಕು. ಮನೆಗೆ ಹತ್ತು ನಿಮಿಷವೆಂದರೂ ಮೂರು ಗಂಟೆ ಸಮೀಪಿಸುತ್ತದೆ. ಕೊನೆಯ ಐದಾರು ಮನೆಗಳ ಮೇಕೆಗೆ ಸಿಕ್ಕುವುದು ಸತ್ತ ಲಸಿಕೆ, ಮತ್ತು ಅವು ಸಾಮಾನ್ಯವಾಗಿ ಊರ ಹೊರಗಿನ ಕೇರಿಯ, ಒಂದೆರಡು ಮೇಕೆಯನ್ನೇ ನಂಬಿಕೊಂಡ ಹೆಣ್ಣುಮಕ್ಕಳ ಮನೆಗಳು. ಇಂಥ ಊರುಗಳಿಗೆ 25 ಡೋಸ್‌ನ ಸಣ್ಣ ಸೀಸೆಗಳನ್ನೇ ಕಳುಹಿಸಬೇಕು. ಇಲ್ಲವೇ ಹಿಂದಿನ ದಿನ ಡಂಗುರ ಸಾರಿಸಿ, ಬೆಳಿಗ್ಗೆ ಮೇಯಲು ಬಿಡುವ ಮೊದಲು ಒಂದೇ ಕಡೆ ಕೂಡಿಸಬೇಕು. ಸಣ್ಣ ಸೀಸೆಯಲ್ಲಿ ಡೋಸ್‌ಗೆ ತಗಲುವ ಖರ್ಚು ಹೆಚ್ಚು ಎಂಬ ಆಕ್ಷೇಪ ಬರುತ್ತದೆ. ಕೆಲಸಕ್ಕೆ ಬಾರದ ಡೋಸ್‌ನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದರೆ ಆ ಆಕ್ಷೇಪ ನಿಲ್ಲುವುದಿಲ್ಲ.

ಗಬ್ಬದ ಕುರಿಗೆ ಲಸಿಕೆ ಬೇಡವೆಂದು ಹಲವರು ಹಿಂಜರಿಯುತ್ತಾರೆ. ಲಸಿಕೆಯಿಂದ ಕಂದು ಹಾಕುವುದಿಲ್ಲ. ತುಂಬು ಗಬ್ಬದ ಕುರಿಯನ್ನು ಕಾಲು ಹಿಡಿದು ಎಳೆದು, ಕೆಡವಿ ಚುಚ್ಚಿದರೆ ಆ ಪೆಟ್ಟಿಗೆ ಕಂದು ಹಾಕುತ್ತದೆ. ಅಪವಾದ ಲಸಿಕೆಯ ಮೇಲೆ ಬರುತ್ತದೆ, ಮುಂದಿನ ವರ್ಷ ಆ ಹಟ್ಟಿಯೇ ಲಸಿಕೆಯಿಂದ ದೂರ ಉಳಿಯುತ್ತದೆ. ನಿಂತಲ್ಲೇ ಹಿಡಿದು ಚುಚ್ಚಿದರೆ ಸಾಕು. ಇನ್ನೊಂದು ಮಾತು: ಜ್ವರ ಶುರುವಾದ ಮಂದೆಗೆ ಲಸಿಕೆ ಹಾಕಿದರೆ ಆಗಲೇ ಸೋಂಕು ತಗಲಿದ ಕುರಿಗೆ ಅದರಿಂದ ರಕ್ಷಣೆ ಸಿಕ್ಕುವುದಿಲ್ಲ. ಸುತ್ತಲಿನ ಆರೋಗ್ಯವಂತ ಮಂದೆಗಳಿಗೆ ಮೊದಲು ಹಾಕಿ, ರೋಗದ ಮಂದೆಗೆ ಕೊನೆಯಲ್ಲಿ ಹೋಗಬೇಕು. ಅದೇ ಬಟ್ಟೆ, ಅದೇ ಬೂಟಿನಲ್ಲಿ ರೋಗದ ಮಂದೆಯಿಂದ ಆರೋಗ್ಯದ ಮಂದೆಗೆ ನಡೆದು ಬಂದರೆ ನಾವೇ ರೋಗ ಒಯ್ದಂತೆ.

ಸಮಯವೂ ಮುಖ್ಯ. ಲಸಿಕೆ ಹಾಕಿದ ಮರುದಿನ ರಕ್ಷಣೆ ಹುಟ್ಟುವುದಿಲ್ಲ, ಎರಡು ವಾರವಾದರೂ ಬೇಕು. ಉತ್ತರ ಕರ್ನಾಟಕದ ಬಹಳಷ್ಟು ಕುರಿಗಾಹಿಗಳು ಮುಂಗಾರು ಬೆಳೆ ಕೊಯ್ಲಾದ ಮೇಲೆ ಮಂದೆ ಹೊಡೆದುಕೊಂಡು ಹೊರಡುತ್ತಾರೆ, ಗೊಬ್ಬರಕ್ಕಾಗಿ ಹೊಲದಿಂದ ಹೊಲಕ್ಕೆ ಕುರಿ ನಿಲ್ಲಿಸುತ್ತಾ ತಿಂಗಳುಗಟ್ಟಲೆ ಊರು ಸೇರುವುದಿಲ್ಲ. ಅವರು ಹೊರಡುವ ಮೂರು ವಾರ ಮೊದಲೇ ಹಟ್ಟಿಯಲ್ಲಿ ಲಸಿಕೆ ಮುಗಿದಿರಬೇಕು. ಮಂದೆ ಹೊರಟ ಮೇಲೆ ಅಭಿಯಾನ ಬಂದರೆ ಊರಲ್ಲಿ ಸಿಕ್ಕುವುದು ಕುಂಟು ಕುರಿ, ಎಳೆ ಮರಿ ಮಾತ್ರ. ದಾರಿಯಲ್ಲಿರುವ ಮಂದೆಗೆ ಎಲ್ಲಿದ್ದರೆ ಅಲ್ಲಿಯ ಪಶು ಆಸ್ಪತ್ರೆಯಲ್ಲಿ ಲಸಿಕೆ ಸಿಕ್ಕಬೇಕು. ನಿಮ್ಮ ಊರಿನಲ್ಲೇ ಹಾಕಿಸಿಕೊಳ್ಳಿ ಎಂಬ ಉತ್ತರ ಸಲ್ಲದು. ಅಮೀನಗಡ, ಕೆರೂರಿನಂಥ ದೊಡ್ಡ ಕುರಿ ಸಂತೆಗಳಲ್ಲಿ ಕೊಂಡು ತಂದ ಕುರಿಯನ್ನು ಮೂರು ವಾರ ಬೇರೆ ಕಟ್ಟಿ, ಆಮೇಲೆ ಮಂದೆಗೆ ಬಿಡಬೇಕು.

ರೋಗ ಗುರುತಿಸುವುದರಲ್ಲೂ ನಾವು ಎಡವುತ್ತಿದ್ದೇವೆ. ವೈರಾಣು ಮೊದಲು ಹೊಕ್ಕುವುದು ರೋಗನಿರೋಧಕ ಬಿಳಿ ರಕ್ತಕಣಗಳಿಗೆ. ಕಾವಲುಗಾರರನ್ನೇ ಕೆಡವಿದ ಮೇಲೆ ಬಾಯಿ, ಕರುಳು, ಶ್ವಾಸಕೋಶಗಳ ಒಳಪದರಕ್ಕೆ ಇಳಿಯುತ್ತದೆ. ಮೂಗಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳು ಆಗ ನ್ಯುಮೋನಿಯಾ ತರುತ್ತವೆ. ಕೆಮ್ಮು ಕಂಡು ಬರೀ ನ್ಯುಮೋನಿಯಾ ಎಂದು, ಭೇದಿ ಕಂಡು ಕರುಳುಬೇನೆ ಎಂದು ಔಷಧಿ ನಡೆಯುತ್ತದೆ. ಅಷ್ಟರಲ್ಲಿ ಮಂದೆ ಮೂರು ಊರು ದಾಟಿರುತ್ತದೆ. ಸಂಶಯ ಬಂದರೆ ಕುರಿಯ ಕೆಳತುಟಿಯನ್ನು ಹೆಬ್ಬೆರಳಿನಿಂದ ಮಗುಚಿ ನೋಡಬೇಕು. ಒಸಡಿನ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು, ಬೆರಳಿನಿಂದ ಉಜ್ಜಿದರೆ ಪೊರೆ ಕಳಚಿ ಕೆಳಗೆ ಕೆಂಪು ಹಸಿಗಾಯ, ಮೂಗಿಗೆ ಬಡಿಯುವ ನಾತ. ಜೊತೆಗೆ 40 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಕೀವಿನಿಂದ ಅಂಟಿದ ರೆಪ್ಪೆ, ಸಿಂಬಳ ಒಣಗಿ ಕಟ್ಟಿದ ಮೂಗು, ನೀರಿನಂಥ ಭೇದಿ ಇದ್ದರೆ ಹಿರೇಬೇನೆ ಎಂದೇ ತಿಳಿದು ನಡೆಯಬೇಕು. ನೀಲಿ ನಾಲಿಗೆ ರೋಗದಲ್ಲಿ ಮುಖ ಊದಿ, ಗೊರಸಿನ ಮೇಲಂಚು ಕೆಂಪಾಗಿ ಕುರಿ ಕುಂಟುತ್ತದೆ. ಹಿರೇಬೇನೆಯಲ್ಲಿ ಕುಂಟು ಇಲ್ಲ. ಸತ್ತ ಕುರಿಯ ದೊಡ್ಡಕರುಳು ಸೀಳಿದರೆ ಒಳಮೈಯಲ್ಲಿ ಜೀಬ್ರಾದಂಥ ಕೆಂಪು ಪಟ್ಟೆಗಳು ಕಾಣಬಹುದು.

ವೈರಾಣುವನ್ನು ಕೊಲ್ಲುವ ಔಷಧಿಯಿಲ್ಲ. ಆದರೂ ನ್ಯುಮೋನಿಯಾಕ್ಕೆ ಪಶುವೈದ್ಯರು ಕೊಡುವ ಆಂಟಿಬಯಾಟಿಕ್, ಭೇದಿಗೆ ಉಪ್ಪು-ಸಕ್ಕರೆ ನೀರು, ಬಾಯಿ ತೊಳೆಯಲು ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರು, ನುಂಗಲು ತೆಳ್ಳನೆ ರಾಗಿ ಗಂಜಿ, ಇಷ್ಟರಿಂದಲೇ ಹಲವು ಕುರಿಗಳು ಉಳಿಯುತ್ತವೆ. ಸಾಯುವ ಮೊದಲು ಮಾರಿಬಿಡೋಣ ಎಂದು ಸಂತೆಗೆ ಹೊಡೆದರೆ ಮಾತ್ರ ಒಂದು ಹಟ್ಟಿಯ ರೋಗ ಒಂದು ಜಿಲ್ಲೆಯ ರೋಗವಾಗುತ್ತದೆ.

ಮಾದರಿ ಸಂಗ್ರಹಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ದಾರಿ ಈಗಾಗಲೇ ಇದೆ. ಆಕಸ್ಮಿಕವಾಗಿ ಸತ್ತ ಕುರಿ-ಮೇಕೆಗಳಿಗೆ ಪರಿಹಾರ ಕೊಡುವ ರಾಜ್ಯದ ಅನುಗ್ರಹ ಯೋಜನೆಗೆ ಮರಣೋತ್ತರ ಪರೀಕ್ಷೆ ನಡೆಯುತ್ತದೆ. ಹಿರೇಬೇನೆಯ ಲಕ್ಷಣವಿದ್ದ ಪ್ರತಿ ಪರೀಕ್ಷೆಯಲ್ಲೂ ದುಗ್ಧರಸ ಗ್ರಂಥಿ, ಗುಲ್ಮ, ಶ್ವಾಸಕೋಶದ ತುಂಡುಗಳನ್ನು ಐಸ್‌ನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುವುದು ಕಡ್ಡಾಯವಾಗಲಿ. ಬದುಕಿರುವವುಗಳಲ್ಲಿ ಜ್ವರ ಬಂದ ಮೊದಲ ನಾಲ್ಕೈದು ದಿನದೊಳಗೆ ಕಣ್ಣು, ಮೂಗಿನ ಸ್ರಾವವನ್ನು ಹತ್ತಿ ಕಡ್ಡಿಯಲ್ಲಿ ತೆಗೆಯಬೇಕು. ಗ್ಲಿಸರಿನ್‌ನಲ್ಲಿ ಹಾಕಬಾರದು, ಅದು ಈ ಜಾತಿಯ ವೈರಾಣುಗಳನ್ನು ಕೊಲ್ಲುತ್ತದೆ. ಒಂದೊಂದು ಮಾದರಿಯ ವೈರಾಣುವಿನ ವಂಶವಾಹಿ ಓದಿದರೆ ಅದು ಯಾವ ದಾರಿಯಲ್ಲಿ, ಯಾವ ರಾಜ್ಯದಿಂದ ಬಂತೆಂದು ತಿಳಿಯುವ ಅವಕಾಶವಿದೆ. ಈ ಕೆಲಸಕ್ಕೆ ಬೇಕಾದ ಪರಿಣತಿ ಬೆಂಗಳೂರಿನ ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯಾದ ನಿವೇದಿಯಲ್ಲೇ ಇದೆ.

ಸಂಶೋಧಕರಿಂದ ಆಗಬೇಕಾದದ್ದೂ ಇದೆ. ಈಗಿನ ಲಸಿಕೆ ಪಡೆದ ಕುರಿಯ ರಕ್ತವೂ, ರೋಗ ಬಂದು ಉಳಿದ ಕುರಿಯ ರಕ್ತವೂ ಪರೀಕ್ಷೆಯಲ್ಲಿ ಒಂದೇ ತರಹ ಕಾಣುತ್ತವೆ. ರೋಗ ಹೆಚ್ಚಿರುವಾಗ ಇದರಿಂದ ತೊಂದರೆಯಿಲ್ಲ. ರೋಗ ಕೊನೆಯ ಹಂತಕ್ಕೆ ಬಂದಾಗ, ಈ ಪ್ರತಿಕಾಯ ಲಸಿಕೆಯದೋ, ಎಲ್ಲೋ ಅಡಗಿರುವ ವೈರಾಣುವಿನದೋ ಎಂದು ಹೇಳಲಾಗದಿದ್ದರೆ ರೋಗಮುಕ್ತ ಎಂದು ಘೋಷಿಸುವುದು ಹೇಗೆ? ಇವೆರಡನ್ನು ಬೇರ್ಪಡಿಸುವ ಗುರುತು ಹೊತ್ತ ಲಸಿಕೆ, ಅದಕ್ಕೆ ಹೊಂದುವ ಪರೀಕ್ಷೆ, ಮತ್ತು ಬಿಸಿಲು ನಾಡಿನಲ್ಲಿ ಐಸ್ ಕರಗಿದರೂ ಕೆಲವು ದಿನ ತಾಳುವ ಲಸಿಕೆ, ಇವು ಹಟ್ಟಿಯವರೆಗೆ ಬರಬೇಕು. ಪ್ರಯೋಗಾಲಯಗಳಲ್ಲಿ ಈ ದಿಕ್ಕಿನ ಕೆಲಸ ಸಾಕಷ್ಟು ನಡೆದಿದೆ, ಅದನ್ನು ಹೊಲಕ್ಕೆ ಇಳಿಸಲು ಹಣ ಬೇಕು.

ಅವು ಬರುವವರೆಗೆ ಪಶುಪಾಲನಾ ಇಲಾಖೆಯಲ್ಲಿ ನಮ್ಮ ಕೋರಿಕೆ ಒಂದೇ. ಅಭಿಯಾನ ಮುಗಿದ ಒಂದು ತಿಂಗಳಿಗೆ ಪ್ರತಿ ತಾಲ್ಲೂಕಿನ ಕೆಲವು ಹಟ್ಟಿಗಳಿಂದ, ಆರು ತಿಂಗಳಿಂದ ಒಂದು ವರ್ಷದೊಳಗಿನ ಮರಿಗಳ ರಕ್ತವನ್ನೇ ಬೇರೆಯಾಗಿ ತೆಗೆದು ಪ್ರತಿಕಾಯ ಪರೀಕ್ಷೆ ಮಾಡಿಸಲಿ. ಎಷ್ಟು ಡೋಸ್ ಹಾಕಿದೆವು ಎಂಬ ಅಂಕಿಯ ಪಕ್ಕದಲ್ಲೇ ನೂರರಲ್ಲಿ ಎಷ್ಟು ಮರಿಗಳಿಗೆ ರಕ್ಷಣೆ ಸಿಕ್ಕಿತು ಎಂಬ ಅಂಕಿಯನ್ನೂ ತಾಲ್ಲೂಕುವಾರು ಪ್ರಕಟಿಸಲಿ. ಆ ಎರಡನೆಯ ಅಂಕಿ 70ಕ್ಕಿಂತ ಕೆಳಗಿರುವ ತಾಲ್ಲೂಕಿಗೆ ಮಂದೆಗಳು ಊರು ಬಿಡುವ ಮೊದಲೇ ತಂಡ ಮತ್ತೆ ಹೋಗಲಿ.

— ಕುರಿ-ಮೇಕೆಗಳ ಆರೋಗ್ಯ ಕ್ಷೇತ್ರದ ಪಶುವೈದ್ಯರು, ಚಿತ್ರದುರ್ಗ